ದಾನಕ್ಕೊಂದು ಜೊತೆ ಶೂ

ಶೂ ಅಂಗಡಿಗೆ ಬರಿಗಾಲಲ್ಲಿ ಬರುವವರು ಕಡಿಮೆ. ಬೋಳಿಸಿದ ತಲೆ, ಮಾಸಿದ ಪಂಚೆ, ಹೊದ್ದ ಶಲ್ಯ, ಪಾದದ ತುಂಬ ಬಸ್‌ಸ್ಟ್ಯಾಂಡಿನ ಕೆಸರು. ಹೀಗೆ ಗಾಜಿನ ಬಾಗಿಲು ತಳ್ಳಿಕೊಂಡು ಬಂದ ಚಲುವನಾರಾಯಣ ಮೇಷ್ಟರನ್ನು ನೋಡಿ, ಯಾವುದೋ ದೇವಸ್ಥಾನದ ಚಂದಾ ಕೇಳಲು ಬಂದವರೆಂದೇ ಹಾಸನದ ಆ ಅಂಗಡಿಯ ಕೀರ್ತಿರಾಜ್ ಅಂದುಕೊಂಡ. ಹಿಂದೆಯೇ ಅವರ ಮಗಳು ಇಂಚರ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಬೆಟ್ಟ ಹತ್ತೋ ಶೂ ಬೇಕು," ಅಂದರು ಮೇಷ್ಟರು.

ಅವರು ಹೊಳೆನರಸೀಪುರದಿಂದ ಬಂದಿದ್ದರು. ಮಗ ವಂಶಿ ತೀರಿಕೊಂಡಿದ್ದ. ಮರುದಿನ ಹೊಳೆಯ ದಂಡೆಯಲ್ಲಿ ಅವನ ಹೆಸರಿನ ದಾನಗಳು ನಡೆಯಬೇಕಿತ್ತು. ಕೊಡೆ, ಚೊಂಬು, ಹಾಸಿಗೆ, ಪಾದರಕ್ಷೆ. ಹೋದ ಜೀವ ಯಮನ ಊರಿನ ದಾರಿಯಲ್ಲಿ ಮುಳ್ಳು ತುಳಿಯಬೇಕು, ಕಾದ ಮರಳು ತುಳಿಯಬೇಕು. ಇಲ್ಲಿ ದಾನ ಹಿಡಿದ ಬ್ರಾಹ್ಮಣ ಅದನ್ನು ಮೆಟ್ಟಿ ನಡೆದರೆ ಅಲ್ಲಿ ಆ ಕಾಲಿಗೆ ಆಸರೆ ಆಗುತ್ತದೆ ಎಂದು ನಂಬಿಕೆ. ಕೊಡುವುದು ಮಾತ್ರ ಎಲ್ಲರೂ ಹವಾಯಿ ಚಪ್ಪಲಿಯನ್ನೇ. ಯಮನ ಊರಿನ ದಾರಿಯುದ್ದಕ್ಕೂ ಇಷ್ಟು ವರ್ಷ ಹವಾಯಿ ಚಪ್ಪಲಿಗಳೇ ಪಟಪಟ ಅನ್ನುತ್ತಿರಬೇಕು.

"ಅಂಗಡೀಲಿ ದಾನದ ಸೆಟ್ಟೇ ಸಿಗತ್ತೆ, ಎಲ್ಲಾ ಒಂದೇ ಚೀಲದಲ್ಲಿರತ್ತೆ," ಅಂದಿದ್ದರು ಪುರೋಹಿತರು. "ಅಲ್ಲದೆ ಕರ್ಮಕ್ಕೆ ಕೂತವರು ಊರು ದಾಟಬಾರದು."

ಮೇಷ್ಟರು ದಾಟಿದರು. ಹಟ ಅನ್ನುವುದು ಅವರಿಗೆ ಹುಟ್ಟಿನಿಂದಲೇ ಬಂದದ್ದು. ಆ ಹಟದ ಫಲವನ್ನೇ ಅವರು ಈಗ ಉಣ್ಣುತ್ತಿದ್ದರು.

ವಂಶಿ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಭಾನುವಾರ ಬಂದರೆ ಗೆಳೆಯ ಮನುವಿನ ಜೊತೆ ಸಕಲೇಶಪುರದ ಕಡೆಯ ಯಾವುದಾದರೂ ಗುಡ್ಡ ಹತ್ತುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ದಿನ ಮನೆಗೆ ಅವನ ಹೆಸರಿಗೆ ಪಾರ್ಸೆಲ್ ಬಂತು. ಮಗ ಕಾಲೇಜಿನಲ್ಲಿದ್ದ. ಮೇಷ್ಟರು ಬಿಚ್ಚಿ ನೋಡಿದರು. ಒಳಗೆ ಕಿತ್ತಳೆ ಬಣ್ಣದ ಶೂ, ಅಡಿಯಲ್ಲಿ ಹಲಸಿನ ಸಿಪ್ಪೆಯಂಥ ಮುಳ್ಳುಮುಳ್ಳು. ಅದನ್ನು ಹಾಗೇ ಮುಚ್ಚಿ, ಮಗನ ಕೈಯಲ್ಲೇ ಫೋನು ಮಾಡಿಸಿ, ಮಾರನೇ ದಿನ ವಾಪಸ್ಸು ಕಳಿಸಿದರು.

"ಶ್ರವಣಬೆಳಗೊಳದ ಬೆಟ್ಟಾನ ನಿಮ್ಮಜ್ಜಿ ಮುದುಕಿಯಾದ ಮೇಲೆ ಬರಿಗಾಲಲ್ಲಿ ಹತ್ತಿದಾಳೆ. ಬೆಟ್ಟ ಅಂದ್ರೆ ಮೆಟ್ಟಿದ್ದನ್ನ ಕೆಳಗೆ ಬಿಟ್ಟು ಹತ್ತೋ ಜಾಗ ಕಣೋ. ನಿನಗೆ ಅದಕ್ಕೇ ಅಂತ ಬೇರೆ ಶೂ ಬೇಕೇನು?" ಎಂದು ಊಟದ ಹೊತ್ತಿನಲ್ಲಿ ಕೇಳಿದರು. ದುಡ್ಡು ಮಗನದೇ, ಅದರ ಮಾತಲ್ಲ. ಮೇಷ್ಟರಿಗೆ ವಾದ ಸಿಕ್ಕಿತ್ತು. ಸಿಕ್ಕಿದ ವಾದವನ್ನು ಅವರು ಎಂದೂ ಬಿಟ್ಟವರಲ್ಲ. ವಂಶಿ ನಕ್ಕು, "ಆಯ್ತಪ್ಪ, ಬೇಡ ಬಿಡಿ," ಅಂದ. ಎದುರಾಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಮಳೆಗಾಲ ಹಿಡಿದ ಮೇಲೆ ಅವನು ಹಳೇ ಶೂ ಹಾಕಿಕೊಂಡೇ ಗುಡ್ಡಕ್ಕೆ ಹೋದ.

ಹೆಣದ ಹಿಂದೆಯೇ ಮನು ಬಂದ. ವಂಶಿಯ ಶೂಗಳನ್ನು ಚೀಲದಲ್ಲಿ ತಂದಿದ್ದ. "ಮಳೆ ಬಂದ್ಬುಡ್ತು ಸಾ. ಬಂಡೆ ಮ್ಯಾಲೆ ಪಾಚಿ ಇತ್ತು. ನಾನು ಮುಂದೆ ದಾಟ್ಕಂಡು ಓದೆ, ಅವ್ನು ಹಿಂದ್ಲೇ ಬತ್ತಿದ್ದ. ಏನೋ ಸದ್ದಾಯ್ತು. ತಿರುಗ್ ನೋಡೋ ಹೊತ್ಗೆ ಇರ್ನಿಲ್ಲ," ಅಂದ. ಮೇಷ್ಟರು ಚೀಲ ಬಿಚ್ಚಿದರು. ಶೂಗಳ ತಳ ಸವೆದು ಅಂಗೈಯಷ್ಟು ನುಣ್ಣಗಿತ್ತು. ಮನು ಬಾಗಿಲ ಬಳಿ ಬಿಟ್ಟಿದ್ದ ಜೋಡಿನ ತಳದಲ್ಲಿ ಮುಳ್ಳುಮುಳ್ಳಿತ್ತು. ಅದೇ ಬಂಡೆ, ಅದೇ ಮಳೆ. ಅವನು ದಾಟಿದ್ದ.

ಅವತ್ತಿನಿಂದ ಮೇಷ್ಟರ ತಲೆಯಲ್ಲಿ ಒಂದೇ ಪ್ರಶ್ನೆ ಕೂತಿತು. ಆ ಶೂ ಇದ್ದಿದ್ದರೆ ಹುಡುಗ ಉಳಿಯುತ್ತಿದ್ದನೇ? ಮನು ತೂಕ ಕಡಿಮೆ, ಅದಕ್ಕೇ ದಾಟಿದ ಅಂದುಕೊಂಡರು. ಮುಂದೆ ಹೋದವನಿಗೆ ಬಂಡೆ ಅಷ್ಟು ನೆಂದಿರಲಿಲ್ಲ ಅಂದುಕೊಂಡರು. ಆಯಸ್ಸು ಮುಗಿದಿತ್ತು ಅಂತಲೂ ಅಂದುಕೊಂಡರು. ಮನೆಯಲ್ಲಿ ಹೆಂಡತಿ ಲಕ್ಷ್ಮೀದೇವಮ್ಮ ಅವರ ಜೊತೆ ಮಾತು ಬಿಟ್ಟಿದ್ದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ಯಾರಿಗೆ ಸಾರ್, ನಿಮಗಾ?" ಕೀರ್ತಿರಾಜ್ ಕೇಳಿದ.

"ಮಗನಿಗೆ."

"ಅವರೇ ಬಂದಿದ್ರೆ ಚೆನ್ನಾಗಿತ್ತು. ಕಾಲಿಗೆ ಹಾಕಿ ನೋಡ್ದೆ ಶೂ ತಗೋಬಾರ್ದು."

"ಅವನು ಬರೋ ಹಾಗಿಲ್ಲ."

"ಎಂಥ ದಾರೀಲಿ ನಡೀತಾರೆ ಸಾರ್? ಡಾಂಬರು, ಮಣ್ಣು, ಕಲ್ಲು, ಒಂದೊಂದಕ್ಕೆ ಒಂದೊಂದು ಥರ ಬರುತ್ತೆ."

"ಎಲ್ಲಾ ಇದೆ. ಮುಳ್ಳು, ಕಲ್ಲು, ಕಾದ ಮರಳು. ನಡುವೆ ಒಂದು ಹೊಳೆ."

"ಎಷ್ಟು ದಿನದ ದಾರಿ?"

"ಒಂದು ವರ್ಷ ಅಂತಾರೆ."

ಕೀರ್ತಿರಾಜ್ ನಗಲು ಹೊರಟವನು ಅವರ ತಲೆ ನೋಡಿದ, ಕಾಲು ನೋಡಿದ, ಹಿಂದೆ ನಿಂತ ಹುಡುಗಿಯ ಮುಖ ನೋಡಿದ. ಹೋಗಿ ಅಂಗಡಿಯ ಹಾಡು ನಿಲ್ಲಿಸಿ ಬಂದ. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಭಾರದ ಬೂಟು ಬೇಡ ಸಾರ್, ಕಾಲು ಸೋತು ಹೋಗುತ್ತೆ. ಬೆಟ್ಟದ ದಾರೀಲಿ ಓಡೋರು ಹಾಕ್ಕೊಳ್ಳೋದು ಬರುತ್ತೆ, ಟ್ರೇಲ್ ಶೂ ಅಂತಾರೆ. ಹಗುರ. ಎಲ್ಲಾ ನೆಲಕ್ಕೂ ಆಗುತ್ತೆ, ನೀರು ಹೊಕ್ಕರೂ ಬೇಗ ಒಣಗುತ್ತೆ," ಅಂದ.

"ಚರ್ಮದ್ದಲ್ಲ ತಾನೆ?"

"ಬರೀ ಬಟ್ಟೆ, ರಬ್ಬರು ಸಾರ್."

ಅವನು ಮೂರು ನಾಲ್ಕು ಜೊತೆ ತಂದು ಮುಂದಿಟ್ಟ. ಮೇಷ್ಟರು ಒಂದೊಂದನ್ನೂ ಎತ್ತಿ, ಬಗ್ಗಿಸಿ, ತಳದ ಮುಳ್ಳುಗಳ ಮೇಲೆ ಬೆರಳಾಡಿಸಿದರು. ಅವರಿಗೆ ಏನು ತಿಳಿಯಬೇಕು? ಆಯುಷ್ಯವೆಲ್ಲ ಕಾಲಿಗೆ ಹಾಕಿದ್ದು ಒಂದೇ ಥರದ ಕಪ್ಪು ಚಪ್ಪಲಿ.

"ಅಣ್ಣಂದೂ ಅಪ್ಪಂದೂ ಒಂದೇ ಅಳತೆ," ಅಂದಳು ಇಂಚರ. ಅಂಗಡಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು. "ಅಣ್ಣನ ಪಾದ ಮುಂದೆ ಅಗಲ. ಕಿರುಬೆರಳು ಒತ್ತತ್ತೆ ಅಂತಿದ್ದ."

ಅಪ್ಪನ ಚಪ್ಪಲಿ ಮಗನ ಕಾಲಿಗೆ ಆದ ದಿನದಿಂದ ಮಗನನ್ನು ಸ್ನೇಹಿತನ ಹಾಗೆ ನೋಡಬೇಕು ಅನ್ನುತ್ತಾರೆ. ಮೇಷ್ಟರು ಈ ಮಾತನ್ನು ಎಷ್ಟು ತಂದೆ ತಾಯಿಯರಿಗೆ ಹೇಳಿಲ್ಲ! ಮನೆಯ ಬಾಗಿಲಲ್ಲಿ ಯಾವ ಚಪ್ಪಲಿ ಯಾರದೆಂದು ತಿಳಿಯದೆ ಅಪ್ಪ ಮಗ ಇಬ್ಬರೂ ಒಂದನ್ನೇ ಹಾಕಿಕೊಂಡು ಹೋಗುತ್ತಿದ್ದ ವರ್ಷಗಳಲ್ಲೂ ಸ್ನೇಹಿತ ಎಂಬ ಮಾತು ಅವರ ಮನೆಯ ಹೊಸ್ತಿಲು ದಾಟಿರಲಿಲ್ಲ.

"ಹಾಗಾದ್ರೆ ನೀವೇ ಹಾಕಿ ನೋಡಿ ಸಾರ್. ಇದು ನೋಡೋಕೆ ಅಂತ ಇಟ್ಟಿರೋ ಜೊತೆ. ಕೊಡೋದು ಡಬ್ಬಿ ಒಡೀದೇ ಇರೋದು."

"ನಾನು ಮೆಟ್ಟೋ ಹಾಗಿಲ್ಲ," ಅಂದರು. ಕರ್ಮ ಮುಗಿಯುವ ತನಕ ಪಾದರಕ್ಷೆ ನಿಷಿದ್ಧ. ಆ ಜೊತೆಯನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು. ಕೊನೆಗೆ ಶಲ್ಯದ ತುದಿಯಿಂದ ಕಾಲಿನ ಕೆಸರು ಒರೆಸಿಕೊಂಡು, ಕೀರ್ತಿರಾಜ್ ಕೊಟ್ಟ ಕಾಲುಚೀಲ ಏರಿಸಿ, ಪಾದವನ್ನು ಒಳಗೆ ಇಳಿಸಿದರು.

ಕೀರ್ತಿರಾಜ್ ಮಂಡಿಯೂರಿ ಲೇಸು ಬಿಗಿದ. ಹೆಬ್ಬೆರಳ ಮುಂದೆ ಒತ್ತಿ ನೋಡಿ, "ಇಳಿಜಾರಲ್ಲಿ ಬೆರಳು ಮುಂದೆ ಹೋಗಿ ಬಡೀಬಾರ್ದು, ಇಷ್ಟು ಜಾಗ ಇರಬೇಕು. ಹಿಮ್ಮಡಿ ಮೇಲೇಳುತ್ತಾ ನೋಡಿ. ನಡೀರಿ ಸಾರ್," ಅಂದ.

ಮೇಷ್ಟರು ಅಂಗಡಿಯ ಉದ್ದಕ್ಕೂ ನಡೆದರು. ಹೊರಗೆ ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿಯ ಮೇಲೂ ಹತ್ತಿ ಇಳಿದರು. ಕಲ್ಲು ಚುಚ್ಚಲಿಲ್ಲ. ಬೆರಳುಗಳು ಹಾಯಾಗಿ ಹರಡಿಕೊಂಡವು. ಕಾಲಿಗೆ ಏನನ್ನಾದರೂ ಹಾಕಿದ್ದೇನೆ ಅನ್ನುವುದೇ ಮರೆತುಹೋಗುವಷ್ಟು ಸುಖವಾಗಿತ್ತು. ಆ ಸುಖ ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು, ಎದೆಗೆ ಬಂದದ್ದೇ ಸಂಕಟವಾಯಿತು. ತನ್ನ ಮಗನಿಗೆ ತಾನು ಬೇಡವೆಂದದ್ದು ಇದನ್ನು. ಅವರು ಜಲ್ಲಿಯ ಮೇಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಇಂಚರ ಹತ್ತಿರ ಬರಲಿಲ್ಲ. ಕೀರ್ತಿರಾಜ್ ನೀರು ತಂದುಕೊಟ್ಟ.

"ಒಂದು ಕೇಳ್ತೀನಿ, ನಿಜ ಹೇಳಬೇಕು," ಅಂದರು ಮೇಷ್ಟರು. "ಪಾಚಿ ಕಟ್ಟಿದ ಒದ್ದೆ ಬಂಡೆ ಮೇಲೆ ಇದು ಜಾರತ್ತೋ ಇಲ್ಲವೋ?"

ಕೀರ್ತಿರಾಜ್ ಅವರ ಮುಖವನ್ನೇ ನೋಡುತ್ತ ನಿಂತ. "ಪಾಚಿ ಮೇಲೆ ಯಾವ ಶೂನೂ ನಿಲ್ಲಲ್ಲ ಸಾರ್," ಅಂದ. "ಎಂಥದ್ದೇ ಆಗಲಿ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟರು ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡರು. ಯಾವ ಶೂನೂ ನಿಲ್ಲಲ್ಲ. ನೋವಿನ ಮನೆಯವರಿಗೆ ಕನಿಕರದಿಂದ ಆಡಿದ ಮಾತೋ, ಅಂಗಡಿಯವನ ಅನುಭವವೋ ಗೊತ್ತಾಗುವಂತಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಅವರು ಅದನ್ನು ಬಿಗಿಯಾಗಿ ಹಿಡಿದುಕೊಂಡರು.

ಮರುದಿನ ದಾನ ಹಿಡಿಯಲು ಅರಕಲಗೂಡಿನಿಂದ ಒಬ್ಬರು ಬಂದರು. ಅಕಾಲಮರಣದ ದಾನಕ್ಕೆ ಊರಿನವರು ಯಾರೂ ಒಪ್ಪಿರಲಿಲ್ಲ. ಐವತ್ತು ದಾಟಿದ, ಎತ್ತರದ ಮನುಷ್ಯ. ಮೂಳೆ ಕಾಣುವ ಎದೆ, ದೊಡ್ಡ ಪಾದ. ಶೂ ನೋಡಿ ಮಗುವಿನ ಹಾಗೆ ಮುಖ ಅರಳಿಸಿ, ತಕ್ಷಣ ಎಲ್ಲಿದ್ದೇನೆಂದು ನೆನಪಾಗಿ ಗಂಭೀರವಾದರು. ಹೆಂಗಸರು ದಂಡೆಗೆ ಬರುವುದು ಬೇಡ ಅಂದಿದ್ದರೂ ಲಕ್ಷ್ಮೀದೇವಮ್ಮ ಬಂದು ಮರದಡಿ ನಿಂತಿದ್ದರು, ಪಕ್ಕದಲ್ಲಿ ಇಂಚರ. ಮಂತ್ರ ಮುಗಿಯಿತು. ಮೇಷ್ಟರು ಎಳ್ಳು ನೀರು ಬಿಟ್ಟು ಡಬ್ಬಿ ಕೊಟ್ಟರು.

"ನಾಲ್ಕು ಹೆಜ್ಜೆ ಹಾಕಿ," ಅಂದರು ಪುರೋಹಿತರು. ಅರಕಲಗೂಡಿನವರು ಮೆಟ್ಟಿಕೊಂಡು, ಲೇಸನ್ನು ಹೇಗೋ ಗಂಟು ಹಾಕಿ, ದಂಡೆಯ ಮಂಟಪದ ಮುಂದೆ ನಾಲ್ಕು ಹೆಜ್ಜೆ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು.

"ಆ ಮೆಟ್ಟಿಲು ಇಳಿಯಿರಿ," ಅಂದರು ಮೇಷ್ಟರು.

ಹೇಮಾವತಿಗೆ ಇಳಿಯುವ ಆ ಕಲ್ಲುಮೆಟ್ಟಿಲು ಮಳೆಗಾಲದಲ್ಲಿ ಹಸಿರು ಲೋಳೆ. ಊರಲ್ಲಿ ಅದರ ಮೇಲೆ ಬೀಳದವರಿಲ್ಲ. ಇಳಿಯುವವರು ಕುಂಡಿ ಊರಿಕೊಂಡು, ಪಕ್ಕದ ಸರಪಳಿ ಹಿಡಿದೇ ಇಳಿಯುವುದು.

"ಏನು ಮೇಷ್ಟ್ರೇ ಇದು, ಶಾಸ್ತ್ರದಲ್ಲಿಲ್ಲ. ಬಿದ್ದರೆ ಸೊಂಟ ಮುರಿಯತ್ತೆ," ಅಂದರು ಪುರೋಹಿತರು.

"ದಾರೀಲಿ ಹೊಳೆ ಇದೆ ಅಂತ ನೀವೇ ಹೇಳಿದ್ದು. ಇಳೀಲಿ."

ವಾದದಲ್ಲಿ ಅವರನ್ನು ಯಾರು ಗೆದ್ದಾರು? ಅರಕಲಗೂಡಿನವರು ಇದೂ ಕರ್ಮದ ಭಾಗವೇ ಇರಬೇಕೆಂದುಕೊಂಡು ಕಚ್ಚೆ ಬಿಗಿಸಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೊಂಬು. ಸರಪಳಿ ಹಿಡಿಯಲು ಕೈಯೇ ಇರಲಿಲ್ಲ. ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ಜಾರಲಿ ಅಂದಿತು ಮೇಷ್ಟರ ಮನಸ್ಸು. ಆ ಬಡಪಾಯಿ ಬೀಳಲಿ. ಬಿದ್ದರೆ ಯಾವ ಶೂನೂ ನಿಲ್ಲುವುದಿಲ್ಲ ಅನ್ನುವುದು ನಿಜವಾಗುತ್ತದೆ. ಹೆಂಡತಿಯ ಮುಖ ನೋಡಿ ಮಾತಾಡಬಹುದು, ಅನ್ನ ಗಂಟಲಲ್ಲಿ ಇಳಿದೀತು. ಕಂಡವರ ಮನೆಯ ಮನುಷ್ಯ ಬೀಳಲೆಂದು ಹರಸಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಹರಕೆ ನಿಲ್ಲಲಿಲ್ಲ.

ಎರಡನೇ ಮೆಟ್ಟಿಲು. ಆಮೇಲೆ ನೀರು ಸವರಿಕೊಂಡು ಹೋಗುವ ಮೆಟ್ಟಿಲು, ಎಲ್ಲಕ್ಕಿಂತ ಹಸಿರಾದದ್ದು. ಅರಕಲಗೂಡಿನವರು ಅದರ ಮೇಲೆ ಎರಡೂ ಕಾಲೂರಿ ನಿಂತರು. ಬಗ್ಗಿ ಚೊಂಬಿನಲ್ಲಿ ನೀರು ತುಂಬಿಕೊಂಡರು. ತಿರುಗಿದರು. ಹತ್ತಿ ಬಂದರು.

"ಒಳ್ಳೇ ಹಿಡಿತ ಸ್ವಾಮಿ," ಅಂದರು, ಮೇಲೆ ಬಂದು ಶೂ ತಳ ಎತ್ತಿ ನೋಡುತ್ತ. "ನೆಲ ಕಚ್ಚಿಕೊಂಡ ಹಾಗೆ ನಿಲ್ಲತ್ತೆ. ಪುಣ್ಯಾತ್ಮ ಹುಡುಗ, ಅವನಿಗೆ ದಾರಿ ಕಷ್ಟ ಆಗಲ್ಲ ಬಿಡಿ."

ಮೇಷ್ಟರು ನಮಸ್ಕಾರ ಮಾಡಿದರು. ಅರಕಲಗೂಡಿನವರು ಹಾಸಿಗೆಯ ಸುರುಳಿ ಹೆಗಲಿಗೇರಿಸಿ ಬಸ್ಸಿಗೆ ಹೊರಟರು. ದಂಡೆಯ ಕೆಸರಿನಲ್ಲಿ ಹೊಸ ಶೂ ಗುರುತು ಆಳವಾಗಿ ಮೂಡುತ್ತ ಹೋಯಿತು.

ಲಕ್ಷ್ಮೀದೇವಮ್ಮ ಮರದಡಿಯಿಂದ ನಡೆದುಬಂದು ಗಂಡನ ಎದುರು ನಿಂತರು. ಮಗ ಹೋದ ಮೇಲೆ ಮೊದಲ ಸಲ ಮಾತಾಡಿದರು.

"ಜಾರಲಿಲ್ಲ," ಅಂದರು.

"ಇಲ್ಲ," ಅಂದರು ಮೇಷ್ಟರು.

ಇನ್ನೇನಾದರೂ ಹೇಳಬಹುದೆಂದು ಆಕೆ ಸ್ವಲ್ಪ ಹೊತ್ತು ಕಾದರು. ಮೇಷ್ಟರು ಕೆಸರಿನಲ್ಲಿ ಮೂಡಿದ ಶೂ ಗುರುತುಗಳನ್ನೇ ನೋಡುತ್ತಿದ್ದರು. ಆಕೆ ಮಗಳ ಕೈ ಹಿಡಿದುಕೊಂಡು ಮನೆಯ ಕಡೆ ನಡೆದರು.