ಸೀಲ್ ಮಲಗಿದ ಬಂಡೆ

ತುತ್ತು ಎತ್ತುವ ಮೊದಲು ಚನ್ನವೀರನ ಎಡಗೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಏನೂ ಸಿಗಲಿಲ್ಲ.

ಕೈಕೌರಾದ ಕಡಲದಂಡೆಯಲ್ಲಿ ಫೋರ್‌ಮನ್ ಹೇಮಿಯ ಯೂಟ್‌ನ, ಅಂದರೆ ಪಿಕಪ್ ಗಾಡಿಯ, ಹಿಂಬಾಗಿಲು ಇಳಿಸಿ ಮೂವರೂ ಊಟಕ್ಕೆ ಕೂತಿದ್ದರು. ಬೆನ್ನ ಹಿಂದೆ ಹಿಮದ ಬೆಟ್ಟ, ಎದುರಿಗೆ ಬಂಡೆಗಳ ಮೇಲೆ ಬಿಸಿಲು ಕಾಯುವ ಸೀಲ್‌ಗಳು. ಹೇಮಿ ದೊಡ್ಡ ಸಿಗಡಿಯಂಥ ತನ್ನ ಕ್ರೇಫಿಶ್ಶನ್ನು ತಾನೇ ದೂರ ಇಟ್ಟುಕೊಂಡಿದ್ದ. ಚನ್ನವೀರನಿಗೆಂದು ಹೇಮಿಯ ಹೆಂಡತಿ ಬೇರೆ ಪಾತ್ರೆಯಲ್ಲಿ ಸುಟ್ಟು, ಬೆಣ್ಣೆ ಸವರಿ ಕಳಿಸಿದ್ದ ಕುಮರಾ ಘಮ್ಮೆನ್ನುತ್ತಿತ್ತು. ಕುಮರಾ ಅಂದರೆ ನಮ್ಮ ಗೆಣಸೇ.

"ಯಾಕಣ್ಣಾ, ಏನಾತು?" ಅಂದಳು ಸ್ನೇಹಲ್. ಚಿಕ್ಕಪ್ಪನ ಮಗಳು, ಕ್ರೈಸ್ಟ್‌ಚರ್ಚ್‌ನಲ್ಲಿ ನರ್ಸ್.

"ಲಿಂಗ ಇಲ್ಲ."

ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿಯ ಗೋದಾಮಿನಲ್ಲಿ ಪ್ಯಾಕಿಂಗ್ ಮಷೀನು ಕೂಡಿಸಲು ಹುಬ್ಬಳ್ಳಿಯಿಂದ ಬಂದವನು ಅವನು. ಕೊರಳಲ್ಲಿ ಏನೇ ಇದ್ದರೂ ಎಳೆದರೆ ಕಳಚಿಕೊಳ್ಳುವ ದಾರದಲ್ಲೇ ಇರಬೇಕು ಅನ್ನುವುದು ಅಲ್ಲಿಯ ನಿಯಮ. ಮೊದಲ ದಿನ ಫೋರ್‌ಮನ್ ಹೇಮಿ ಎದೆಯ ಮೇಲಿನ ಲಿಂಗದ ಕರಡಿಗೆಯ ಕಡೆ ಬೆರಳು ಮಾಡಿದಾಗ ಚನ್ನವೀರ ಗಕ್ಕನೆ ಹಿಂದೆ ಸರಿದಿದ್ದ. ಹೇಮಿ ಬೇಸರಿಸಲಿಲ್ಲ. ತನ್ನ ಅಂಗಿಯೊಳಗಿಂದ ಅಜ್ಜನ ಹಸಿರು ಕಲ್ಲು ತೆಗೆದು ತೋರಿಸಿದ, ಕ್ಲಿಪ್ಪಿನ ಕಿತ್ತಳೆ ದಾರವೊಂದನ್ನು ಕೊಟ್ಟ. ಚನ್ನವೀರ ಹಳೆಯ ಶಿವದಾರ ಬಿಚ್ಚಿ ಬೆಳ್ಳಿ ಕರಡಿಗೆಯನ್ನು ಅದಕ್ಕೆ ಪೋಣಿಸಿಕೊಂಡ. ರಜೆಯ ದಿನ ಬದಲಿಸಬೇಕೆಂದು ಹೊಳೆಯಲೇ ಇಲ್ಲ.

ಈಗ ನೆನಪಾಯಿತು. ಬಂಡೆಯ ಅಂಚಿನಲ್ಲಿ ಬಗ್ಗಿ ಫೋಟೊ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕೊರಳಿಗೆ ತೊಡಕಿತ್ತು. ಟಿಕ್ ಅಂದಿತ್ತು. ಕ್ಯಾಮೆರಾದ ಸದ್ದು ಅಂದುಕೊಂಡಿದ್ದ.

ಅದೇ ಬಂಡೆಯ ಮೇಲೆ ಈಗ ದೊಡ್ಡದೊಂದು ಸೀಲ್ ಏರಿ ಮಲಗಿತ್ತು. ಅದರ ಹೊಟ್ಟೆಯ ಕೆಳಗಿಂದ ಕಿತ್ತಳೆ ದಾರದ ತುದಿ ಹೊರಗೆ ಚಾಚಿತ್ತು.

"ಹತ್ತಿರ ಹೋಗಬೇಡ," ಅಂದ ಹೇಮಿ. "ಕಚ್ಚಿದರೆ ಮೂಳೆಗೇ ಹಲ್ಲು. ಉಬ್ಬರ ಬೇರೆ ಏರ್ತಿದೆ. ನೀರು ತಾಗಿದರೆ ತಾನೇ ಏಳುತ್ತೆ."

"ನೀರು ತಾಗಿದ್ರ ಲಿಂಗಾನೂ ಹೋಗ್ತದ."

ಮಾತು ಕನ್ನಡದಲ್ಲಿತ್ತು. ಆದರೂ ಹೇಮಿಗೆ ತಿಳಿದಂತಿತ್ತು.

ಕಾದರು. ಒಂದೊಂದು ತೆರೆಯೂ ಹಿಂದಿನದಕ್ಕಿಂತ ಗೇಣು ಮೇಲೆ ಬಂದು ಹೋಗುತ್ತಿತ್ತು. ಸ್ನೇಹಲ್ ಕಡಲನ್ನು ನೋಡಲಿಲ್ಲ, ಅಣ್ಣನ ಹಣೆ ನೋಡಿದಳು. ಅಷ್ಟು ಚಳಿಗಾಳಿಯಲ್ಲೂ ಬೆವರು.

"ಮುಂಜಾನೆ ಇನ್ಸುಲಿನ್ ತಗೊಂಡಿಯಲ್ಲಾ? ಶುಗರ್ ಇಳಿಲಿಕ್ಕತ್ತದ. ತಿನ್ನು ಮೊದಲ."

"ಲಿಂಗಕ್ಕ ತೋರಿಸದ ಹೆಂಗ ತಿನ್ನಲಿ?"

"ದವಾಖಾನ್ಯಾಗ ಹಿಂಗ ಅಂದವ್ರ ಕಥಿ ನಾ ಭಾಳ ನೋಡೀನಿ. ನನ್ನ ಮುಂದ ನಡೆಂಗಿಲ್ಲ."

ಅವನು ಆಗದೆಂದು ತಲೆಯಾಡಿಸಿದ. ಅಜ್ಜಿ ಬಸಲಿಂಗವ್ವನ ವಚನ ಕೇಳುತ್ತ ಬೆಳೆದವನು. ಎಂಥ ಜ್ವರದಲ್ಲೂ ಆಕೆ ಎಡ ಅಂಗೈಯಲ್ಲಿ ಲಿಂಗ ಹಿಡಿದು, ತೋರಿಸಿ, ಆಮೇಲೆ ಗುಟುಕು ನೀರು ಕುಡಿಯುವವಳು.

ತೆರೆಯೊಂದು ಬಂಡೆಯನ್ನು ನೆಕ್ಕಿತು. ಸೀಲ್ ತಲೆ ಎತ್ತಿ ಗುರುಗುಟ್ಟಿತು, ಮೈ ಹೊರಳಿಸಿ ದೊಪ್ಪನೆ ನೀರಿಗೆ ಬಿತ್ತು. ಬಿರುಕಿನಲ್ಲಿ ಬೆಳ್ಳಿ ಮಿನುಗಿತು.

ಚನ್ನವೀರ ಜಿಗಿದೆದ್ದ. ಕುಸಿದವನನ್ನು ಸ್ನೇಹಲ್ ಹಿಡಿದಳು.

"ಹೇಮಿ, ನೀನೇ ತಾ," ಅಂದ ತೊದಲುತ್ತ.

ಹೇಮಿ ಎರಡು ಹೆಜ್ಜೆ ಹೋಗಿ ನಿಂತ. "ನಿಜವಾಗಿ ಹೇಳ್ತಿದ್ದೀಯಾ? ಅವತ್ತು ಬೆರಳು ತೋರಿಸಿದ್ದಕ್ಕೇ ಬೆಂಕಿ ತಾಗಿದವನ ಹಾಗೆ ಸರಿದೆ. ಹೇಳಿದರೆ ತರ್ತೀನಿ. ಆದರೆ ಅಜ್ಜನ ಕಲ್ಲನ್ನು ನಾನಂತೂ ಇನ್ನೊಬ್ಬರ ಕೈಗೆ ಕೊಡಲ್ಲ. ತಿಂದು ನೀನೇ ನಡಿ, ಬೆಲ್ಟು ನಾನು ಹಿಡೀತೀನಿ. ಬೇಗ ಹೇಳು, ಕಡಲು ಕಾಯಲ್ಲ."

ಹೋಗಬೇಕಾದರೆ ತಿನ್ನಬೇಕು. ತಿನ್ನಬೇಕಾದರೆ ಲಿಂಗ ಬೇಕು. ಇನ್ನೊಂದು ತೆರೆ ಬಂತು. ದಾರದ ತುದಿ ಎದ್ದು ನೀರಿನ ಕಡೆ ತಿರುಗಿತು.

ಚನ್ನವೀರ ಬರಿದಾದ ಎಡ ಅಂಗೈ ಚಾಚಿದ. ಬಲಗೈಯಲ್ಲಿ ಕುಮರಾದ ಹೋಳು ಎತ್ತಿ, ಅಂಗೈಯ ಮೇಲಿಂದ ಬಿರುಕಿನಲ್ಲಿ ಮಿನುಗುವ ಬೆಳ್ಳಿಯ ಕಡೆಗೆ ಹಿಡಿದ. ತುಟಿ ಅಲುಗಿದವು. ಬಾಯಿಗೆ ಹಾಕಿಕೊಂಡ. ಸ್ನೇಹಲ್ ಜ್ಯೂಸಿನ ಡಬ್ಬಿ ಬಾಯಿಗಿಟ್ಟಳು. ಅದನ್ನೂ ಹಾಗೇ ತೋರಿಸಿ ಗಟಗಟ ಕುಡಿದ.

"ನಡಿ," ಅಂದ.

ಹೇಮಿ ಬೆಲ್ಟು ಬಿಗಿಯಾಗಿ ಹಿಡಿದ. ಪಾಚಿಯ ಮೇಲೆ ಕಾಲು ಎರಡು ಸಲ ಜಾರಿತು. ಬಿರುಕಿಗೆ ಕೈ ಇಳಿಸಿದಾಗಲೇ ತೆರೆ ಬಂದು ಸೊಂಟಕ್ಕೆ ಬಡಿಯಿತು. ಕಣ್ಣಿಗೆ ಬರೀ ನೊರೆ. ಬೆರಳಿಗೆ ಮರಳು, ಕಲ್ಲು, ಕಪ್ಪೆಚಿಪ್ಪು. ನೀರು ಹಿಂದೆ ಸರಿಯುವಾಗ ಏನೋ ಗುಂಡಗಿನದು ಉರುಳಿ ಅಂಗೈಗೆ ಬಂತು. ಮುಷ್ಟಿ ಬಿಗಿದ.

"ಸಿಕ್ತಾ?" ಹೇಮಿ ಕೂಗಿದ. ಚನ್ನವೀರ ಮುಷ್ಟಿಯನ್ನು ಎದೆಗೊತ್ತಿಕೊಂಡ.

ಯೂಟ್‌ನ ಬಳಿ ಬಾಟಲಿ ನೀರಲ್ಲಿ ಉಪ್ಪು ತೊಳೆದ. ಕರಡಿಗೆ ಒಂದು ಕಡೆ ನೆಗ್ಗಿತ್ತು. ಒಳಗಿನದು ಹಾಗೇ ಇತ್ತು. ಕಿತ್ತಳೆ ದಾರವನ್ನು ಹೇಮಿಯ ಕೈಗಿತ್ತ.

"ಸೋಮವಾರ ಏನು ಮಾಡ್ತೀ?" ಅಂದ ಹೇಮಿ. "ನಿಯಮ ನಿಯಮಾನೇ."

"ತೋಳಿಗೆ ಕಟ್ತೀನಿ. ನಮ್ಮ ಹಿರಿಯರು ಹಾಗೂ ಕಟ್ತಿದ್ದರು," ಅಂದ ಚನ್ನವೀರ.

ಸ್ನೇಹಲ್ ಚೀಲದಿಂದ ಕ್ರೇಪ್ ಬ್ಯಾಂಡೇಜು ತೆಗೆದಳು. "ಪೂಜಿ ಮುಗಿಸಿ ತೋಳು ಚಾಚು. ಮತ್ತ ಅಜ್ಜಿ ಫೋನ್ ಮಾಡಿದ್ರ?"

"ತೋರಿಸೇ ಉಂಡೆ ಅಂತೀನಿ." ಬಂಡೆಯ ಕಡೆ ತಿರುಗಿ ಸೇರಿಸಿದ: "ಎಷ್ಟು ದೂರದಿಂದ ಅನ್ನೋದೂ ಹೇಳ್ತೀನಿ."

ಅಷ್ಟರಲ್ಲಿ ಹೇಮಿ ಬೈಯತೊಡಗಿದ. ಕಡಲ ಹಕ್ಕಿಗಳು ಅವನ ಕ್ರೇಫಿಶ್ ಮುಗಿಸಿ ಚಿಪ್ಪು ಉಳಿಸಿದ್ದವು. ಚನ್ನವೀರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಉಳಿದ ಕುಮರಾ ತೋರಿಸಿ, ಮುರಿದು ಮೂರು ಪಾಲು ಮಾಡಿದ.