ಸಿಮೆಂಟಿನ ಹನ್ನೆರಡು ಚೀಲ

ಸಾಹೇಬರು ಹನ್ನೊಂದೂವರೆಗೆ ಬರುತ್ತೇನೆಂದಾಗ ಖುಷಿಯಿಂದ ತಲೆಯಾಡಿಸಿದೆ. ನನ್ನ ಬುದ್ಧಿಗೆ ಮಂಕು ಕವಿದದ್ದು ಆ ಗಳಿಗೆಯಲ್ಲೇ.

೧೯೮೧ರ ಮಾರ್ಚ್. ಭಿವಂಡಿಯಿಂದ ಆಚೆ, ನದಿ ದಂಡೆಯ ಬಿಸಿನೀರ ಬುಗ್ಗೆಗಳ ಪಕ್ಕದಲ್ಲಿ ನಮ್ಮ ಇಲಾಖೆ ಆಳದ ಕೊಳವೆ ಬಾವಿ ಕೊರೆಸಿತ್ತು. ನೆಲದೊಳಗಿನ ಉಗಿಯಿಂದ ವಿದ್ಯುತ್ ತೆಗೆಯಬಹುದೆಂದು ವರದಿ ಬರೆದವಳು ನಾನೇ. ನೀಲಗಂಗಾ, ಬಿಜಾಪುರದವಳು, ಠಾಣೆ ಊರಿನ ಕಚೇರಿಯ ಕಿರಿಯ ಇಂಜಿನಿಯರ್. ಉಗಿಯೇನೋ ಬಂತು. ಅನ್ನದ ಪಾತ್ರೆಯ ಮುಚ್ಚಳ ಅಲ್ಲಾಡಿಸುವಷ್ಟು ಬಂತು. ಟರ್ಬೈನ್ ತಿರುಗಿಸುವ ಕಸುವು ಅದಕ್ಕಿರಲಿಲ್ಲ. ಕಚೇರಿಯಲ್ಲಿ ನನಗೆ ಉಗಿಬಂಡಿ ಎಂದು ಹೆಸರಿಟ್ಟರು. ಬಾವಿಗೆ ಸಿಮೆಂಟ್ ತುಂಬಿ ಮುಚ್ಚಲು ಆದೇಶವೂ ಹೊರಟಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. "ಮೂರು ತಿಂಗಳು ಕೊಡಿ ಸರ್, ಇದೇ ಬಾವಿಯಿಂದ ಬಲ್ಬ್ ಹತ್ತಿಸಿ ತೋರಿಸ್ತೀನಿ" ಎಂದು ತಾರಾನಾಥ ಸಾಹೇಬರ ಮೇಜಿನ ಮುಂದೆ ನಿಂತು ಹೇಳಿಬಿಟ್ಟೆ.

ಹೇಳಿದ್ದೇನೋ ಹೇಳಿದೆ, ಹೇಗೆಂದು ನನಗೇ ಗೊತ್ತಿರಲಿಲ್ಲ. ಆಗ ದಾರಿ ತೋರಿಸಿದವರು ಚೆನ್ನಯಣ್ಣ, ಠಾಣೆಯ ವರ್ತಕ ನಗರದಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನವರು. ಠಾಣೆಯಿಂದ ಡೊಂಬಿವಲಿಯವರೆಗಿನ ಹೋಟೆಲುಗಳ ಫ್ರಿಜ್ಜು, ಕೋಲ್ಡ್ ರೂಮುಗಳ ರಿಪೇರಿ ಅವರ ಕಸುಬು.

"ಫ್ರಿಜ್ಜಿನ ಗ್ಯಾಸಿಗೆ ಕುದಿಯಲಿಕ್ಕೆ ಬೆಂಕಿ ಬೇಡ ಮೇಡಂ, ನಿಮ್ಮ ಬಾವಿಯ ಬಿಸಿ ಧಾರಾಳ ಸಾಕು" ಎಂದರು. "ಕರೆಂಟ್ ಕೊಟ್ರೆ ನನ್ನ ಮೆಷಿನ್ ತಂಪು ಕೊಡ್ತದೆ. ಅದನ್ನೇ ಉಲ್ಟಾ ಓಡಿಸಿದ್ರೆ ಹೇಗೆ?"

ನಾನು ಕುಣಿಯುವುದೊಂದು ಬಾಕಿ. ಹಳೆಯ ಕಂಪ್ರೆಸರ್ ಒಂದನ್ನು ಬಿಚ್ಚಿ, ಡೊಂಬಿವಲಿಯ ಲೇತಿನಲ್ಲಿ ಹೊಸ ವಾಲ್ವ್ ಮಾಡಿಸಿ, ಇಟ್ಟಿಗೆಗಳ ಮೇಲೆ ಕೂರಿಸಿ, ಡೈನಮೋಗೆ ಬೆಲ್ಟ್ ಹಾಕಿದೆವು. ಬಾವಿಯ ಬಿಸಿಗೆ ಗ್ಯಾಸ್ ಕುದಿದು ಪಿಸ್ಟನ್ ತಳ್ಳುತ್ತದೆ. ಆಮೇಲೆ ತಾಮ್ರದ ಸುರುಳಿಯೊಳಗೆ ಹೋಗಿ, ನದಿ ನೀರಿನ ತೊಟ್ಟಿಯಲ್ಲಿ ತಣಿದು ಮತ್ತೆ ದ್ರವವಾಗುತ್ತದೆ. ಇಷ್ಟೇ ಯಂತ್ರ. ಎಂಟಕ್ಕೆ ಚೆನ್ನಯಣ್ಣ ಹೋಟೆಲುಗಳಿಗೆ, ಹತ್ತಕ್ಕೆ ನಾನು ಕಚೇರಿಗೆ ಹೋಗಬೇಕಾದ್ದರಿಂದ ಪ್ರಯೋಗವೆಲ್ಲ ಬೆಳಗಿನ ಐದೂವರೆಗೆ. ಹತ್ತು ಸಲ ಓಡಿಸಿದೆವು, ಹತ್ತು ಸಲವೂ ಬಲ್ಬ್ ಹತ್ತಿತು.

ಆ ದಿನ ಸಾಹೇಬರು ಹೇಳಿದ ಹೊತ್ತಿಗೇ ಜೀಪಿನಿಂದಿಳಿದರು. ಅವರ ಹಿಂದೆಯೇ ಆಳುಗಳೊಂದಿಗೆ ಲಾರಿಯಲ್ಲಿ ಬಂದ ಮುಕಾದಮ ಯಂಕಪ್ಪ ಹನ್ನೆರಡು ಚೀಲ ಸಿಮೆಂಟ್ ಇಳಿಸಿ, ಅದರ ಮೇಲೆ ಕೂತು ಬೀಡಿ ಹಚ್ಚಿದ. ಬಲ್ಬ್ ಹತ್ತದಿದ್ದರೆ ಬಾವಿ ಆವತ್ತೇ ಮುಚ್ಚಬೇಕು. ನಾನು ಗತ್ತಿನಿಂದ ವಾಲ್ವ್ ತಿರುಗಿಸಿದೆ. ಯಂತ್ರ ನಾಲ್ಕು ಸುತ್ತು ತಿರುಗಿ ಉಸ್ಸೆಂದು ನಿಂತಿತು. ಮತ್ತೆ ತಿರುಗಿಸಿದೆ. ಈ ಸಲ ಎರಡೇ ಸುತ್ತು.

"ಯಾಕ ನಿಂತಿತ್ರೀ ಚೆನ್ನಯಣ್ಣಾ? ಬಿಸಿ ಐತಿ, ಗ್ಯಾಸ್ ಐತಿ, ಇನ್ನೇನ್ ಬೇಕಂತ ಇದಕ್ಕ?"

ಅವರು ತೊಟ್ಟಿಗೆ ಕೈ ಅದ್ದಿ ನಿಂತಿದ್ದರು. "ನಾವು ಯಾವತ್ತಾದ್ರೂ ಮಧ್ಯಾಹ್ನ ಓಡಿಸಿದ್ದುಂಟಾ ಮೇಡಂ?"

ನಾನೂ ಕೈ ಇಟ್ಟೆ. ಬೆಳಗಿನ ಹೊತ್ತು ಬೆರಳು ಕೊರೆಯುತ್ತಿದ್ದ ನೀರು ಬಿಸಿಲಿಗೆ ಕಾದು ಸ್ನಾನಕ್ಕೆ ಹದವಾಗಿತ್ತು. ಬೇರೆ ನೀರು ತುಂಬೋಣವೆಂದರೆ ನದಿಯದೂ ಆ ಹೊತ್ತಿಗೆ ಬೆಚ್ಚಗೇ. ಗ್ಯಾಸ್ ತಣಿಯದೆ ಯಂತ್ರ ತಿರುಗುವುದಾದರೂ ಹೇಗೆ? ಮೂರು ತಿಂಗಳು ಬಿಸಿಯ ಬೆನ್ನು ಹತ್ತಿದ್ದ ನಾನು ತಂಪಿನ ಕಡೆ ನೋಡಿರಲೇ ಇಲ್ಲ.

"ನನ್ನ ಟೆಂಪೋದಲ್ಲಿ ಹೋಟೆಲಿಗೆ ಒಯ್ಯುವ ಐಸಿನ ಎರಡು ದೊಡ್ಡ ಗಡ್ಡೆ ಉಂಟು" ಎಂದು ಚೆನ್ನಯಣ್ಣ ಪಿಸುಗುಟ್ಟಿದರು. "ತೊಟ್ಟಿಗೆ ಹಾಕಿಬಿಡುವಾ?"

"ಐಸ್ ಮಾಡಾಕ ಕರೆಂಟ್ ಬೇಕಲ್ರೀ. ಕರೆಂಟ್ ತಿಂದು ಕರೆಂಟ್ ಕಾರೂದು ಮೋಸ."

ಸಾಹೇಬರು ಗಡಿಯಾರ ನೋಡಿಕೊಂಡರು. "ಹನ್ನೆರಡೂವರೆಗೆ ನಾನು ಹೊರಡ್ತೇನೆ."

ಕಣ್ಣು ಯಂಕಪ್ಪನ ಕೆಳಗಿದ್ದ ಚೀಲಗಳ ಮೇಲೆ ಬಿತ್ತು. ದಪ್ಪ ಗೋಣಿ. ಬೇಸಿಗೆಯಲ್ಲಿ ನೀರು ತಣ್ಣಗಾಗಲೆಂದು ನಮ್ಮವ್ವ ಕೊಡಕ್ಕೆ ಸುತ್ತುತ್ತಿದ್ದದ್ದೂ ಒದ್ದೆ ಗೋಣಿಯೇ!

"ಯಂಕಪ್ಪಾ, ಏಳು! ಚೀಲ ಬಿಚ್ಚಿ ಸಿಮೆಂಟ್ ತಾಡಪತ್ರಿ ಮ್ಯಾಲೆ ಸುರುವು!"

"ಅಕ್ಕಾರ! ಪರ್ಮಿಟ್ ಮಾಲ್ರೀ ಇದು! ನನ್ನ ನೌಕ್ರಿ ಹೊಕ್ಕೈತಿ!"

"ನಿಂದಲ್ಲ, ನಂದು ಹೋಗಲಿ. ಸುರುವು!"

ಪರ್ಮಿಟ್ ಹಿಡಿದು ಒಂದು ಚೀಲ ಸಿಮೆಂಟಿಗೆ ಜನ ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲ ಅದು. ಸಾಹೇಬರು ಬಾಯಿ ತೆರೆದು ನೋಡುತ್ತ ನಿಂತರು. ಖಾಲಿ ಚೀಲಗಳನ್ನು ನದಿಯಲ್ಲಿ ಜಾಲಾಡಿಸಿ ತಂದೆವು. ಸುರುಳಿಯನ್ನು ತೊಟ್ಟಿಯಿಂದ ಮೇಲೆತ್ತಿ ಗಾಳಿಗೆ ಇಟ್ಟು, ಸುತ್ತಲೂ ಒದ್ದೆ ಗೋಣಿ ಬಿಗಿದೆವು. ಯಂಕಪ್ಪನ ಆಳುಗಳು ಬಕೆಟ್ಟಿನ ಮೇಲೆ ಬಕೆಟ್ ಸುರಿದರು. ನದಿ ಕಡೆಯಿಂದ ಗಾಳಿಯೂ ಬೀಸಿತು, ಪುಣ್ಯಕ್ಕೆ. ಗೋಣಿಯ ಕೆಳಗೆ ಕೈ ತೂರಿಸಿದೆ: ತಾಮ್ರ ತಣ್ಣಗಾಗುತ್ತಿತ್ತು.

ಹನ್ನೆರಡು ಇಪ್ಪತ್ತಕ್ಕೆ ವಾಲ್ವ್ ತಿರುಗಿಸಿದೆ. ನಾಲ್ಕು ಸುತ್ತು. ಐದು. ಹತ್ತು. ಬೆಲ್ಟ್ ಓಡತೊಡಗಿತು, ಇಟ್ಟಿಗೆಗಳು ಗಡಗಡ ಅಲುಗಿದವು.

"ಓಡ್ತದೆ ಮಾರಾಯ್ರೆ, ಓಡ್ತದೆ!" ಚೆನ್ನಯಣ್ಣ ಟೋಪಿ ಹಾರಿಸಿದರು.

ಸಾಹೇಬರು ಬಲ್ಬಿನ ಮುಂದೆ ಕಣ್ಣು ಕಿರಿದು ಮಾಡಿದರು. "ಹತ್ತಿದೆಯಾ? ನನಗೇನೂ ಕಾಣುದಿಲ್ಲವಲ್ಲ."

ನೆತ್ತಿಯ ಮೇಲಿನ ಬಿಸಿಲಲ್ಲಿ ಬಲ್ಬಿನ ಬೆಳಕು ಯಾರಿಗೆ ಕಂಡೀತು? ಉಳಿದಿದ್ದ ಒಂದು ಗೋಣಿಯನ್ನು ಬಲ್ಬಿನ ಮೇಲೆ ಡೇರೆಯಂತೆ ಹಿಡಿದೆ. "ಸ್ವಲ್ಪ ಬಗ್ಗಿ ಸರ್." ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಸಾಹೇಬರು ಬಗ್ಗಿ ತಲೆ ಒಳಗೆ ತೂರಿಸಿದರು.

"ಅರೇ!" ಎಂದಿತು ಗೋಣಿ.

ಹೊರಬಂದವರ ಕೆನ್ನೆ ಮೇಲೆ ಸಿಮೆಂಟಿನ ಬೂದು ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಇನ್ನೊಮ್ಮೆ ತಲೆ ತೂರಿಸಿದರು. ಆಮೇಲೆ ತಾಡಪತ್ರಿಯ ಮೇಲಿನ ಗುಡ್ಡೆಯ ಕಡೆ ತಿರುಗಿ ಮುಖ ಗಂಟಿಕ್ಕಿದರು.

"ಸುರಿದ ಸರಕಾರಿ ಸಿಮೆಂಟಿಗೆ ಜವಾಬು ಕೊಡುವವರು ಯಾರು?"

"ನಾನೇ ಸರ್."

ಯಂಕಪ್ಪ ಬಾವಿ ಮುಚ್ಚುವ ಆದೇಶ ಚಾಚಿದ. ಸಾಹೇಬರು ಅದನ್ನು ನಾಲ್ಕು ಮಡಿಕೆ ಮಡಚಿ ಕಿಸೆಗೆ ಹಾಕಿಕೊಂಡರು.

"ಬಿಚ್ಚಿದ ಸಿಮೆಂಟ್ ಇಟ್ಟರೆ ಹಾಳಾಗ್ತದೆ. ನಿಮ್ಮ ಮೆಷಿನ್ ಇಟ್ಟಿಗೆ ಮೇಲೆ ಅಲ್ಲಾಡ್ತಾ ಉಂಟು, ಇವತ್ತೇ ಅದಕ್ಕೊಂದು ಪಾಯ ಹಾಕಿಸಿ. ಸ್ವಲ್ಪ ದೊಡ್ಡದೇ ಇರಲಿ, ಮುಂದೆ ದೊಡ್ಡ ಮೆಷಿನ್ ಕೂರಿಸಬೇಕಲ್ಲ."

ಯಂಕಪ್ಪ ಗುದ್ದಲಿ ಎತ್ತಿಕೊಂಡು ನನ್ನ ಮುಂದೆ ನಿಂತ. "ಎಲ್ಲಿ ಅಗೀಲ್ರೀ ಅಕ್ಕಾರ?"

ಚಪ್ಪಲಿಯ ತುದಿಯಿಂದ ಬಾವಿಯ ಪಕ್ಕಕ್ಕೇ ಗೆರೆ ಎಳೆದೆ.