ಸೇತುವೆಗೆ ಮುಂಚೆ ಹೇಳು

ಕಿಣ್ ಎಂದಿತು ಹಿಂದೆ ಎಲ್ಲೋ, ಮತ್ತೆ ಕಿಣ್, ಗಾಜಿನ ಸದ್ದು, ರಸ್ತೆಯ ಪ್ರತಿ ಬಿರುಕಿಗೂ ಒಂದೊಂದು, ಕಾಫಿ ಲೋಟ ಇರಬೇಕು, ಅಲ್ಲ, ಲೋಟಗಳನ್ನು ಟವೆಲಿನಲ್ಲಿ ಸುತ್ತಿ ಡಿಕ್ಕಿಗೆ ಹಾಕಿದ್ದು ತಾನೇ, ಹಾಗಾದರೆ ಇದೇನು ಎಂದುಕೊಂಡಳು ಕೊರಿನ್, ಆದರೂ ಕಾರು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಪಕ್ಕದಲ್ಲಿ ಕೂತ ವಾರೆನ್ ಏನು ಎಂದು ಕೇಳುತ್ತಾನೆ, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡ ಏನು ಎಂದು ಕೇಳಿದರೆ ಅದು ಸದ್ದಿನ ಬಗ್ಗೆ ಅಲ್ಲ ಎಂದು ಗೊತ್ತಾಗದೆ ಇರುತ್ತದೆಯೇ. ಬೆಳಿಗ್ಗೆ ಸೂಟ್‌ಕೇಸು ಎತ್ತಿಡುತ್ತ ಹೇಳಿದ್ದ, ಸೇತುವೆಗೆ ಮುಂಚೆ ಹೇಳ್ಬಿಡು ಕಣೇ, ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ, ಈ ಬಾಡಿಗೆ ಮನೆಯವನು ನಾವು ಇಲ್ಲೇ ಉಳೀತೀವಾ ಅಂತ ಮಧ್ಯಾಹ್ನದ ತನಕ ಕಾಯ್ತಾನಂತೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡ್ತಾನೆ, ನಂಗೆ ಎರಡೂ ಒಂದೇ. ಎರಡೂ ಒಂದೇ ಎನ್ನುವವನ ಮೊಣಕಾಲು ಆಗಿನಿಂದ ಕುಣಿಯುತ್ತಲೇ ಇದೆ. ಸೇತುವೆ ಎಂದರೆ ಮಿಸೌರಿ ನದಿಯ ಸೇತುವೆ, ಈ ಕಡೆ ಸೌತ್ ಡಕೋಟ, ಆ ಕಡೆ ನೆಬ್ರಾಸ್ಕ, ದಾಟಿದರೆ ಇನ್ನೊಂದು ರಾಜ್ಯ, ಇನ್ನೊಂದು ಬಾಡಿಗೆ ಮನೆಯಲ್ಲಿ ಇನ್ನೊಂದು ವಾರ, ಇನ್ನೊಂದು ಊರಿನ ಶಾಲೆಯ ಎದುರು ಕಾರು ನಿಲ್ಲಿಸಿ ಮಕ್ಕಳು ಹೊರಬರುವುದನ್ನು ಕಳ್ಳರ ಹಾಗೆ ನೋಡುವುದು. ಹೋದ ಚಳಿಗಾಲದಲ್ಲಿ ವಿಸ್ಕಾನ್ಸಿನ್, ಅಲ್ಲಿ ಕೆರೆ ಚೆನ್ನಾಗಿತ್ತು, ಹಿಮ ಅತಿಯಾಯಿತು ಅಂದಳು, ವಸಂತದಲ್ಲಿ ಅಯೋವ, ಜನ ಚೆನ್ನಾಗಿದ್ದರು, ಗಾಳಿ ತಿರುಗಿದಾಗ ಹಂದಿ ಕೊಟ್ಟಿಗೆ ನಾರಿತು, ಇನ್ನೊಂದು ನೋಡೋಣ ಅಂದಳು, ವಾರೆನ್ ನಕ್ಕ, ಒಂದೊಂದು ರಾಜ್ಯಕ್ಕೂ ಕಾಲು ಹಾಕಿ ಹಾಕಿ ತೆಗೀತೀಯಲ್ಲೇ ಮಾರಾಯ್ತಿ, ಶೂ ಅಂಗಡೀಲಿ ಕೂತಿದ್ದೀವಾ ನಾವು. ಮಕ್ಕಳನ್ನು ಬೆಳೆಸಲು ಒಳ್ಳೆಯ ಹಳ್ಳಿಗಾಡಿನ ರಾಜ್ಯಗಳು ಎಂದು ಪತ್ರಿಕೆಯವರು ಬರೆಯುತ್ತಾರೆ, ಚಿತ್ರದಲ್ಲಿ ಯಾವಾಗಲೂ ಒಬ್ಬ ಹುಡುಗಿ ಬೇಲಿಯ ಮೇಲೆ ಕೂತಿರುತ್ತಾಳೆ, ಅವಳ ಪಕ್ಕದಲ್ಲಿ ಯಾರಾದರೂ ಬಂದು ಕೂತರೇ ಎಂದು ಯಾರೂ ಬರೆಯುವುದಿಲ್ಲ.

ಎದುರಿನಿಂದ ಹಳೆಯ ಪಿಕಪ್ ಬಂತು, ಚಾಲಕ ಸ್ಟೀರಿಂಗಿನಿಂದ ಒಂದು ಬೆರಳೆತ್ತಿದ, ಇಲ್ಲಿನ ನಮಸ್ಕಾರ ಅದು, ಎಲ್ಲರೂ ಎತ್ತುತ್ತಾರೆ, ಗುರುತಿರಲಿ ಬಿಡಲಿ, ಒಂದೇ ಬೆರಳು, ಅದೂ ಅರ್ಧ, ಮೊದಲ ದಿನ ವಾರೆನ್ ಪೂರ್ತಿ ಕೈ ಬೀಸಿದ್ದ, ಮುಳುಗುತ್ತಿರುವವನ ಹಾಗೆ, ಹಿಂದೆ ಕೂತ ಪೆಟ್ರಾ ಪಕ್ಕನೆ ನಕ್ಕಿದ್ದಳು. ಆ ನಗು ಕೇಳಿ ಕೊರಿನ್ ರಸ್ತೆ ಬಿಟ್ಟು ಕನ್ನಡಿ ನೋಡಿದ್ದಳು, ಮಗಳು ನಕ್ಕು ಎಷ್ಟು ತಿಂಗಳಾಗಿತ್ತೋ. ಈಗಲೂ ಕನ್ನಡಿಯಲ್ಲಿ ಕಾಣುತ್ತಾಳೆ, ಹಣೆಯನ್ನು ಕಿಟಕಿಗೊತ್ತಿ, ತೊಡೆಯ ಮೇಲೆ ಸ್ವೆಟರ್ ಗುಡ್ಡೆ ಹಾಕಿಕೊಂಡು, ಈ ಸೆಖೆಯಲ್ಲಿ ಸ್ವೆಟರ್ ಯಾಕೋ, ಹನ್ನೊಂದು ವರ್ಷದ ಹುಡುಗಿಯ ಬಾಯಿ ಹೀಗೆ ಹೊಲಿದ ಹಾಗಿರಬಾರದು. ಷಿಕಾಗೋದ ಶಾಲೆಯಲ್ಲಿ ಊಟದ ಮೇಜಿಗೆ ಇವಳು ತಟ್ಟೆ ಇಟ್ಟ ಕೂಡಲೇ ಉಳಿದ ಹುಡುಗಿಯರು ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಎದ್ದರಂತೆ, ಒಂದು ದಿನವಲ್ಲ, ದಿನಾ, ಅದೊಂದು ಆಟವಂತೆ, ಇವಳು ಅದನ್ನು ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದಳು, ನಾನು ಈಗ ಟಾಯ್ಲೆಟ್ಟಲ್ಲಿ ತಿನ್ತೀನಿ ಅಮ್ಮ, ಅಲ್ಲಿ ಪರವಾಗಿಲ್ಲ. ವಾರೆನ್ ಅವತ್ತೇ ಗೋಡೆಗೆ ಅಮೆರಿಕದ ನಕ್ಷೆ ಅಂಟಿಸಿದ, ನನ್ನ ಕೆಲಸ ಎಲ್ಲಿಂದ ಬೇಕಾದ್ರೂ ಮಾಡಬಹುದು, ಜನ ಇನ್ನೂ ಜನರಾಗಿರೋ ಕಡೆ ಹೋಗೋಣ ಅಂದ. ಗಂಡಸರಿಗೆ ನಕ್ಷೆ ಸಿಕ್ಕರೆ ಸಾಕು, ದುಃಖಕ್ಕೂ ದಾರಿ ಹುಡುಕುತ್ತಾರೆ. ಕಿಣ್ ಎಂದಿತು ಮತ್ತೆ, ಈ ಸಲ ಮೆತ್ತಗೆ, ಯಾರೋ ಕೈಯಿಂದ ಒತ್ತಿ ಹಿಡಿದ ಹಾಗೆ.

ಈ ಊರಿನ ಬಾಡಿಗೆ ಮನೆಗೆ ಬಂದ ಮೊದಲ ಸಂಜೆಯೇ ಪಕ್ಕದ ಮನೆಯ ಆರ್ಡಿಸ್ ಟೋರ್ಸನ್ ಬಾಗಿಲಿಗೆ ಬಂದಳು, ಕೈಯಲ್ಲಿ ಗಾಜಿನ ಪಾತ್ರೆ, ಒಳಗೆ ಕೊಚ್ಚಿದ ಮಾಂಸ, ಅಣಬೆಯ ಗಟ್ಟಿ ಸಾರು, ಮೇಲೆ ಕೆಂಪಗೆ ಬೆಂದ ಆಲೂಗಡ್ಡೆ, ಬಿಸಿ ಇದೆ ನೋಡ್ಕೊಂಡು ಹಿಡ್ಕೋಮ್ಮಾ, ಏನೂ ಮಹಾ ಅಲ್ಲ, ಸುಮ್ನೆ ಹಾಟ್‌ಡಿಶ್, ಆ ಮನೆ ಒಲೆ ಹೊತ್ತಿಸೋಕೇ ನಿಮ್ಗೆ ಒಂದು ದಿನ ಬೇಕು, ಹಿಂದೆ ಅವಳ ಮೊಮ್ಮಗಳು ಬ್ರಿಟ್, ಮಂಡಿ ತುಂಬ ಗಾಯ, ಪೆಟ್ರಾಳನ್ನು ಮೇಲಿಂದ ಕೆಳಗೆ ನೋಡಿ, ಕರುಗೆ ಹಾಲು ಕುಡಿಸೋಕೆ ಬರ್ತೀಯಾ, ಬೆರಳು ಚೀಪ್ತವೆ, ಕಚ್ಚಲ್ಲ. ಪೆಟ್ರಾ ಚಪ್ಪಲಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಮರುದಿನ ಕೊರಿನ್ ಪಾತ್ರೆಯನ್ನು ಉಜ್ಜಿ ಉಜ್ಜಿ ತೊಳೆದಳು, ತಳದಲ್ಲಿ ಬಿಳಿ ಪಟ್ಟಿ ಅಂಟಿಸಿತ್ತು, ಅದರ ಮೇಲೆ ನೀಲಿ ಶಾಯಿಯಲ್ಲಿ ಟೋರ್ಸನ್, ಎಷ್ಟು ತೊಳೆತ ಕಂಡಿತ್ತೋ, ಅಂಚು ಬೆಳ್ಳಗೆ ಎದ್ದಿದ್ದರೂ ಹೆಸರು ಅಳಿಸಿರಲಿಲ್ಲ. ಬೇರೆಯವರ ವಸ್ತು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಅದು ಅವಳ ಅಮ್ಮ ಕಲಿಸಿದ್ದು, ಥಳಥಳ ಹೊಳೆಯುವ ಖಾಲಿ ಪಾತ್ರೆ ಹಿಡಿದು ಆ ಬಾಗಿಲು ತಟ್ಟಿದಳು, ಜೊತೆಗೆ ಪೆಟ್ರಾ. ಆರ್ಡಿಸ್ ಪಾತ್ರೆ ತೆಗೆದುಕೊಂಡಳು, ಒಳಗೆ ನೋಡಿದಳು, ಮಗುಚಿ ತಳ ನೋಡಿದಳು, ಇನ್ನೇನೋ ಇರಬೇಕಿತ್ತು ಎನ್ನುವವಳ ಹಾಗೆ ಕೊರಿನ್‌ಳ ಕೈ ನೋಡಿದಳು, ಓ, ಇಷ್ಟು ಬೇಗ ಯಾಕಮ್ಮ, ಅವಸರ ಏನಿತ್ತು. ಬಾಗಿಲು ಮೆತ್ತಗೇ ಮುಚ್ಚಿತು, ಅಷ್ಟು ಮೆತ್ತಗೆ ಮುಚ್ಚುವ ಬಾಗಿಲು ಷಿಕಾಗೋದಲ್ಲಿ ಅವಳು ಕಂಡಿಲ್ಲ. ಆಮೇಲಿನ ದಿನಗಳಲ್ಲೂ ಆರ್ಡಿಸ್ ಬೇಲಿಯಾಚೆಯಿಂದ ನಗುತ್ತಿದ್ದಳು, ಹವೆ ಹೇಗಿದೆ ಎನ್ನುತ್ತಿದ್ದಳು, ಒಳಗೆ ಬಾ ಎನ್ನಲಿಲ್ಲ, ಕೊರಿನ್‌ಗೆ ಒಂಥರಾ ಹಗುರವೇ ಆಯಿತು, ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಇವತ್ತು ಪೆಟ್ರೋಲ್ ಹಾಕಿಸುವಾಗ ಅಂಗಡಿಯ ಹೆಂಗಸು, ಹೆಸರೂ ಗೊತ್ತಿಲ್ಲ, ಚಿಲ್ಲರೆ ಕೊಡುತ್ತ ಅಂದಳು, ಆರ್ಡಿಸ್ ಪಾತ್ರೆ ಮಾರನೇ ದಿನಾನೇ ವಾಪಸ್ ಕೊಟ್ಟ್ರಂತಲ್ಲ, ಅವತ್ತೇ ಅಂದ್ಕೊಂಡ್ವಿ ಇವರು ನಿಲ್ಲೋರಲ್ಲ ಅಂತ, ನಮ್ಮತ್ತೆ ಪಾತ್ರೆ ಒಂದು ನಮ್ಮನೇಗೆ ಬಂದು ಯಾವ ಕಾಲ ಆಯ್ತೋ, ಏನಾದ್ರೂ ತುಂಬ್ಕೊಂಡು ಹೋಗುತ್ತೆ ಬರುತ್ತೆ, ಖಾಲಿ ಮಾತ್ರ ಒಂದ್ಸಲಾನೂ ಹೋಗಿಲ್ಲ, ಪರವಾಗಿಲ್ಲ ಬಿಡಿ, ನೆಬ್ರಾಸ್ಕಾನೂ ಚೆನ್ನಾಗಿದೆ. ಬೈಗುಳವಲ್ಲ ಅದು, ಹವಾಮಾನ ವರದಿ ಓದುವವರ ದನಿ. ತಾನಿನ್ನೂ ತೀರ್ಮಾನಿಸಿಲ್ಲ ಎಂದುಕೊಂಡಿದ್ದಳು ಕೊರಿನ್, ಊರಿಗೆ ಊರೇ ಅವಳ ತೀರ್ಮಾನವನ್ನು ಆರು ದಿನದಿಂದ ಬಲ್ಲದು. ಲೆಕ್ಕ ಚುಕ್ತಾ, ನಿಮ್ಮದು ನಿಮಗೆ, ನಮ್ಮದು ನಮಗೆ, ಖಾಲಿ ಪಾತ್ರೆಗೆ ಇಲ್ಲಿ ಅದೇ ಅರ್ಥ, ಬಾಯಿ ಹೇಳದ್ದನ್ನು ಕೈ ಹೇಳಿಬಿಟ್ಟಿತೋ, ಅಥವಾ ಬಾಯಿಗೆ ಧೈರ್ಯವಿಲ್ಲ ಎಂದೇ ಕೈ ಹೇಳಿತೋ. ಹಿಮ ಅಲ್ಲ, ಹಂದಿ ವಾಸನೆ ಅಲ್ಲ, ಅವಳಿಗೆ ಭಯ, ಅಷ್ಟೇ, ಬರೀ ಭಯ. ಒಂದು ಊರಲ್ಲಿ ನೆಲೆಯೂರಿ, ಶಾಲೆಗೆ ಸೇರಿಸಿ, ಅಲ್ಲಿಯೂ ಒಂದು ದಿನ ಪೆಟ್ರಾ ತಟ್ಟೆ ಇಟ್ಟಾಗ ಹುಡುಗಿಯರು ಎದ್ದು ಹೋದರೆ ಆಮೇಲೆ ಯಾವ ರಾಜ್ಯದ ಹೆಸರು ಹೇಳುವುದು, ನೋಡದ ರಾಜ್ಯ ಒಂದು ಉಳಿದಿರುವ ತನಕ ಮಗಳನ್ನು ಬೇಕೆನ್ನುವ ಮೇಜೂ ಒಂದು ಎಲ್ಲೋ ಉಳಿದಿರುತ್ತದೆ. ಮೇಜು ಅಲ್ಲೇ ಇತ್ತಲ್ಲ ಎಂದು ಒಳಗೆ ಯಾರೋ ಅಂದರು, ಹಾಲಿನ ಬಾಟಲಿ, ಕರುವಿನ ಜೊಲ್ಲು, ಕತ್ತಲಾದರೂ ಒಳಗೆ ಬಾರದ ಹುಡುಗಿಯರಿಬ್ಬರು, ಹೌದು, ಒಂದು ವಾರದ ಮಟ್ಟಿಗೆ ಯಾರು ಬೇಕಾದರೂ ಒಳ್ಳೆಯವರಾಗಿರುತ್ತಾರೆ. ಬೆಳಿಗ್ಗೆ ಹೊರಡುವಾಗ ಬ್ರಿಟ್ ಬೇಲಿಯ ಬಳಿ ನಿಂತಿದ್ದಳು, ಪೆಟ್ರಾ ಅಳಲಿಲ್ಲ, ಕೈ ಬೀಸಲಿಲ್ಲ, ಒಂದು ಬೆರಳೆತ್ತಿದಳು, ಅರ್ಧ. ಅಳದೆ ಇದ್ದದ್ದು ನೋಡಿ ಇವಳು ಅಷ್ಟೇನೂ ಹಚ್ಚಿಕೊಂಡಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡವಳು ಕೊರಿನ್, ತಾಯಂದಿರು ಎಂತೆಂಥದರಲ್ಲೋ ಸಮಾಧಾನ ಹುಡುಕುತ್ತಾರೆ.

ನದಿ ಕಂಡಿತು, ಮಣ್ಣು ಬಣ್ಣ, ಸೇತುವೆಯ ಒಂದು ಬದಿ ರಿಪೇರಿ, ಕಿತ್ತಳೆ ಅಂಗಿಯ ಹೆಂಗಸು ಕೋಲಿಗೆ ಸಿಕ್ಕಿಸಿದ ಕೆಂಪು ಫಲಕ ಹಿಡಿದು ನಿಂತಿದ್ದಾಳೆ, ನಿಲ್ಲಿ, ಆ ಕಡೆಯ ಗಾಡಿಗಳೆಲ್ಲ ಬಂದು ಮುಗಿಯಬೇಕು, ಕೊರಿನ್ ಕಾರು ನಿಲ್ಲಿಸಿ ಇಂಜಿನ್ ಆರಿಸಿದಳು. ವಾರೆನ್‌ನ ಮೊಣಕಾಲೂ ನಿಂತಿತು. ಸೇತುವೆ ಬಂತು, ಅಂದ, ಅವಳತ್ತ ನೋಡದೆ, ಗೊತ್ತು ಅಂದಳು, ಗೊತ್ತು ಅಂದ್ರೆ ಉತ್ತರ ಅಲ್ಲ ಕಣೇ ಅಂದ, ಮೆತ್ತಗೆ, ಊಹೂಂ ಎನ್ನಲು ಬಾಯಿ ತೆರೆದಳು, ಊರೇ ಹೇಳಿಯಾದ ಮಾತು, ತಾನು ಬರೀ ದನಿ ಕೊಡಬೇಕಾದದ್ದು, ಇಂಜಿನ್ ಆರಿಸಿದ ಮೌನದಲ್ಲಿ ಕಿಣ್ ಎಂದಿತು, ರಸ್ತೆ ಅಲುಗಿದ್ದಲ್ಲ, ಕಾರು ನಿಂತಿದೆ. ತಿರುಗಿ ನೋಡಿದಳು. ಸ್ವೆಟರ್ ಜಾರಿತ್ತು, ಪೆಟ್ರಾಳ ತೊಡೆಯ ಮೇಲೆ ಗಾಜಿನ ಮುಚ್ಚಳ, ದುಂಡಗಿನ ಹಿಡಿಯ ಮೇಲೆ ಅವಳ ಬೆರಳ ಉಂಗುರ ತಾಗುತ್ತಿದೆ. ಹಾಟ್‌ಡಿಶ್‌ಗೆ ಮುಚ್ಚಳ ಇತ್ತು, ಇತ್ತಲ್ಲ, ಬಿಸಿ ಇದೆ ನೋಡ್ಕೊಂಡು ಹಿಡ್ಕೋ ಎಂದಾಗ ಒಳಗಡೆ ಹಬೆ ಕಟ್ಟಿತ್ತು, ಆರ್ಡಿಸ್ ಬಾಗಿಲಲ್ಲಿ ನಿಂತು ಹುಡುಕಿದ್ದು ಅದನ್ನು, ಕೊರಿನ್‌ಳ ಕೈ ನೋಡಿ, ಆಮೇಲೆ ಪಕ್ಕದಲ್ಲಿದ್ದ ಹುಡುಗಿಯ ಮುಖ ನೋಡಿ, ಏನೂ ಕೇಳದೆ ಬಿಟ್ಟಳಲ್ಲ. ಮುಚ್ಚಳ ಇನ್ನೂ ಕೊಟ್ಟಿಲ್ಲ ನಾವು, ಅಂದಳು ಪೆಟ್ರಾ, ಉಪ್ಪು ಕೇಳುವ ದನಿಯಲ್ಲ ಅದು, ಬ್ರಿಟ್‌ಗೆ ಗೊತ್ತು, ಅವಳ ಅಜ್ಜಿಗೂ ಗೊತ್ತು, ಪಾತ್ರೆ ಪೂರ್ತಿ ಕೊಡೋ ತನಕ ನಾವು ಊರು ಬಿಟ್ಟು ಹೋದ ಹಾಗಲ್ಲವಂತೆ. ಹೊರಗೆ ಕಿತ್ತಳೆ ಅಂಗಿಯವಳು ಫಲಕ ತಿರುಗಿಸಿದಳು, ನಿಧಾನವಾಗಿ ಚಲಿಸಿ, ಹಿಂದಿನ ಲಾರಿ ಹಾರನ್ ಹೊಡೆಯಿತು, ವಾರೆನ್ ಕೊರಿನ್ ಎಂದ, ಇನ್ನೊಮ್ಮೆ ಕೊರಿನ್ ಎಂದ, ಅವಳಿಗೆ ಕಾಣುತ್ತಿರುವುದು ಮುಚ್ಚಳದ ಅಂಚಿನಲ್ಲಿ ಒಂದು ಬಿಳಿ ಪಟ್ಟಿ, ಅದನ್ನು ಮಗಳ ಹೆಬ್ಬೆರಳು ಒತ್ತಿ ಹಿಡಿದಿದೆ, ಎದ್ದ ಅಂಚು ಮತ್ತೆ ಅಂಟಿಕೊಳ್ಳಲಿ ಎಂದು, ಬೆರಳ ಆಚೆ ಈಚೆ ನೀಲಿ ಶಾಯಿ, ಟೋರ್ಸನ್, ನೀಲಿ ಶಾಯಿ, ಟೋರ್ಸನ್